ಬಯಲುಸೀಮೆಯ ಇಳಿಜಾರು: ದಾವಣಗೆರೆ–ಹರಿಹರದ ಸೈಕಲ್ ದಾರಿಗಳು

ಆಗುಂಬೆ ಇರುವುದು ಸಮುದ್ರ ಮಟ್ಟದಿಂದ ಸುಮಾರು 640 ಮೀಟರ್ ಎತ್ತರದಲ್ಲಿ. ದಾವಣಗೆರೆ ಇರುವುದು ಸುಮಾರು 600 ಮೀಟರ್ ಎತ್ತರದಲ್ಲಿ. ಮಳೆ, ಮಂಜು, ಘಟ್ಟದ ತಿರುವುಗಳಿಗೆ ಹೆಸರಾದ ಆ ಊರಿಗೂ ಹತ್ತಿ ಗಿರಣಿ, ಮೆಕ್ಕೆಜೋಳದ ಮಂಡಿಗಳಿಗೆ ಹೆಸರಾದ ಈ ಊರಿಗೂ ಎತ್ತರದಲ್ಲಿರುವ ಅಂತರ ಬರೀ ನಲವತ್ತು ಮೀಟರ್!

ಆದರೆ ಆ ಎತ್ತರ ಕರಗುವ ಬಗೆ ಎರಡೂ ಕಡೆ ಪೂರ್ತಿ ಬೇರೆ. ಆಗುಂಬೆಯಿಂದ ಪಶ್ಚಿಮಕ್ಕೆ ಹೊರಟ ರಸ್ತೆ ಹದಿನಾಲ್ಕು ಕಡಿದಾದ ತಿರುವುಗಳಲ್ಲಿ ಸುತ್ತಿ ಹತ್ತು ಕಿ.ಮೀ. ಒಳಗೇ ಸೋಮೇಶ್ವರದ ಬುಡ ಮುಟ್ಟುತ್ತದೆ. ಅಷ್ಟರಲ್ಲಿ ಸುಮಾರು ಐನೂರು ಮೀಟರ್ ಎತ್ತರ ಖರ್ಚಾಗಿರುತ್ತದೆ. ದಾವಣಗೆರೆಯ ಮಳೆನೀರಿಗೆ ಅಂಥ ಆತುರ ಇಲ್ಲ. ಅದು ಹಳ್ಳ ಹಿಡಿದು ತುಂಗಭದ್ರೆ ಸೇರಬೇಕು, ತುಂಗಭದ್ರೆ ಸಂಗಮೇಶ್ವರದ ಹತ್ತಿರ ಕೃಷ್ಣೆಯನ್ನು ಕೂಡಬೇಕು, ಕೃಷ್ಣೆ ಇಡೀ ಆಂಧ್ರವನ್ನು ದಾಟಿ ಬಂಗಾಳ ಕೊಲ್ಲಿ ಮುಟ್ಟಬೇಕು. ಅರುನೂರು ಮೀಟರ್ ಇಳಿಯಲು ಅದಕ್ಕೆ ನೂರಾರು ಕಿ.ಮೀ. ಪ್ರಯಾಣ. ಆಗುಂಬೆಯ ಸುತ್ತ ಬಿದ್ದ ಮಳೆಯಲ್ಲೂ ಒಂದು ಪಾಲು ಘಟ್ಟ ಇಳಿಯದೆ ಪೂರ್ವಕ್ಕೆ ತಿರುಗುತ್ತದೆ. ಮಾಲತಿ ಹೊಳೆಯಾಗಿ ತುಂಗೆಗೆ ಸೇರಿ, ಕೂಡಲಿಯಲ್ಲಿ ಭದ್ರೆಯನ್ನು ಕೂಡಿ, ಹೊನ್ನಾಳಿ ದಾಟಿ ಹರಿಹರದ ಸೇತುವೆಯ ಕೆಳಗೆ ಹರಿದುಹೋಗುತ್ತದೆ. ಹರಿಹರದ ಎತ್ತರ ಸುಮಾರು 540 ಮೀಟರ್. ಅಷ್ಟು ದೂರ ಬರುವಷ್ಟರಲ್ಲಿ ಆ ನೀರು ಇಳಿದದ್ದು ನೂರು ಮೀಟರ್ ಮಾತ್ರ.

ದಾವಣಗೆರೆಯಲ್ಲಿ ಗೇರ್ ಸೈಕಲ್ ಕೊಂಡವರು ಮೊದಲು ಆಡುವ ಮಾತು "ಇಲ್ಲಿ ಇಳಿಜಾರು ಎಲ್ಲೈತಿ? ಎಲ್ಲಾ ಬಯಲು" ಎಂಬುದು. ರಜೆ ಸಿಕ್ಕರೆ ಸೈಕಲನ್ನು ಕಾರಿನ ಮೇಲೆ ಕಟ್ಟಿಕೊಂಡು ಚಿಕ್ಕಮಗಳೂರಿನ ಕಡೆ ಹೊರಡುತ್ತಾರೆ. ಘಟ್ಟದ ಇಳಿಜಾರಿನ ಸುಖ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಕಾಲು ಗಂಟೆಯ ಸುಖ, ಅದೂ ಬ್ರೇಕಿನ ಮೇಲೆ ಬೆರಳಿಟ್ಟುಕೊಂಡೇ ಅನುಭವಿಸಬೇಕಾದದ್ದು. ಬಯಲುಸೀಮೆಯ ಇಳಿಜಾರು ಕಣ್ಣಿಗೆ ಕಾಣುವುದಿಲ್ಲ, ಕಾಲಿಗೆ ಮಾತ್ರ ಗೊತ್ತಾಗುತ್ತದೆ. ಒಮ್ಮೆ ಸಿಕ್ಕರೆ ಗಂಟೆಗಟ್ಟಲೆ ಸಿಗುತ್ತದೆ. ಎಳೆಯರು, ಐವತ್ತು ದಾಟಿದವರು, ಗೇರಿಲ್ಲದ ಸೈಕಲಿನವರು ಎಲ್ಲರೂ ಹೆದರದೆ ಅನುಭವಿಸಬಹುದಾದ ಇಳಿಜಾರು ಅದು. ಅದನ್ನು ಹುಡುಕುವ ವಿದ್ಯೆ ಮಾತ್ರ ಬೇಕು.

ಆ ವಿದ್ಯೆಗೆ ಇಲ್ಲಿ ನೀರೇ ಗುರು.

ರಸ್ತೆ ಸುಳ್ಳು ಹೇಳಬಹುದು. ಮುಂದೆ ಕಾಣುವ ಗುಡ್ಡದ ಓರೆಯಿಂದಾಗಿ ಏರು ಇಳಿಜಾರಿನಂತೆ, ಇಳಿಜಾರು ಏರಿನಂತೆ ಕಾಣುವುದು ಎಲ್ಲ ಸವಾರರಿಗೂ ಗೊತ್ತಿರುವ ಮೋಸ. ನೀರು ಹಾಗೆ ಮೋಸ ಮಾಡುವುದಿಲ್ಲ. ಮೇಲಿನ ಕೆರೆಯ ಕೋಡಿ ಬಿದ್ದ ನೀರು ಕೆಳಗಿನ ಕೆರೆಗೆ, ಅಲ್ಲಿಂದ ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ ಹೋಗಲೇಬೇಕು. ಹಾಗಾಗಿ ಗೊತ್ತಿಲ್ಲದ ಊರಿನಲ್ಲಿ ಸೈಕಲ್ ನಿಲ್ಲಿಸಿದವರು "ದಾರಿ ಇಳಿಜಾರೇ?" ಎಂದು ಕೇಳುವುದಕ್ಕಿಂತ, ಹೊಲದಲ್ಲಿದ್ದವರನ್ನು "ಅಣ್ಣಾ, ಈ ಹಳ್ಳದ ನೀರು ಯಾ ಕಡೀಗೆ ಹೋಗ್ತೈತಿ?" ಎಂದು ಕೇಳುವುದು ಲೇಸು. ಮೊದಲನೆಯದಕ್ಕೆ ಬರುವ ಉತ್ತರ ಅಂದಾಜಿನದು, ಏಕೆಂದರೆ ಬೈಕಿನಲ್ಲಿ ಓಡಾಡುವವರಿಗೆ ಸಣ್ಣ ಏರಿಳಿತ ಗೊತ್ತಾಗುವುದೇ ಇಲ್ಲ. ಎರಡನೆಯದಕ್ಕೆ ಮೇಲಿನ ಹೊಲ ಯಾರದು, ಕೆಳಗಿನ ಹೊಲ ಯಾರದು ಎಂಬುದರ ಸಮೇತ ಖಚಿತವಾದ ಉತ್ತರ ಬರುತ್ತದೆ.

ಈ ಲೆಕ್ಕದಲ್ಲಿ ಮೊದಲು ನೋಡಬೇಕಾದ್ದು ತೀರ ಹತ್ತಿರದ, ತೀರ ಪರಿಚಿತವಾದ ದಾರಿಯನ್ನು: ದೊಡ್ಡಬಾತಿ ಮೇಲೆ ಹಾದು ಹರಿಹರಕ್ಕೆ ಹೋಗುವ ಹಳೆಯ ಪಿ.ಬಿ. (ಪುಣೆ–ಬೆಂಗಳೂರು) ರಸ್ತೆ. ದೂರ ಸುಮಾರು 14 ಕಿ.ಮೀ., ಒಟ್ಟು ಇಳಿತ ಸುಮಾರು 60 ಮೀಟರ್. ಎಂದರೆ ಪ್ರತಿ ಕಿ.ಮೀ.ಗೆ ನಾಲ್ಕು ಮೀಟರ್ ಮೇಲ್ಪಟ್ಟು. ಕೇಳಿದರೆ ಏನೂ ಅಲ್ಲ ಅನ್ನಿಸುತ್ತದೆ. ಸೈಕಲಿನ ಮಟ್ಟಿಗೆ ಅದು ಚಿಕ್ಕ ವಿಷಯವಲ್ಲ. ಗಾಳಿ ಸರಿಯಾಗಿ ತುಂಬಿದ ಟೈರು ಒಳ್ಳೆಯ ಡಾಂಬರಿನ ಮೇಲೆ ಉರುಳುವಾಗ ಆಗುವ ಘರ್ಷಣೆ, ಸವಾರ ಮತ್ತು ಸೈಕಲಿನ ಒಟ್ಟು ತೂಕದ ಹೆಚ್ಚುಕಡಿಮೆ ಇನ್ನೂರನೇ ಒಂದು ಪಾಲು. ಅಷ್ಟನ್ನು ಸರಿದೂಗಿಸಲು ಬೇಕಾದ ಇಳಿಜಾರು ಕಿ.ಮೀ.ಗೆ ಐದು ಮೀಟರ್. ಹರಿಹರದ ದಾರಿ ಕೊಡುವುದು ನಾಲ್ಕಕ್ಕಿಂತ ಹೆಚ್ಚು. ಎಂದರೆ ಟೈರಿನ ಘರ್ಷಣೆಯ ಹೆಚ್ಚಿನ ಪಾಲನ್ನು ನೆಲವೇ ಕಟ್ಟಿಕೊಡುತ್ತದೆ. ಸವಾರನ ಕಾಲಿಗೆ ಉಳಿಯುವುದು ಬಹುಪಾಲು ಗಾಳಿಯನ್ನು ಸೀಳುವ ಕೆಲಸ. ಪೆಡಲ್ ನಿಲ್ಲಿಸಿದರೆ ಸೈಕಲ್ ತಾನಾಗಿ ಓಡುವುದಿಲ್ಲ, ನಿಜ. ಆದರೆ ಅದೇ ಶ್ರಮಕ್ಕೆ ಸೈಕಲ್ ಯಾವಾಗಲಿಗಿಂತ ಜೋರಾಗಿ ಹೋಗುತ್ತದೆ. ಕಾರಣ ಗೊತ್ತಿಲ್ಲದವರು "ಇವತ್ತು ಮೈ ಹಗುರ ಐತಿ" ಅಂದುಕೊಳ್ಳುತ್ತಾರೆ.

ದಾರಿಯುದ್ದಕ್ಕೂ ಇಳಿಜಾರೇ ಇರುತ್ತದೆ ಎಂದಲ್ಲ. ನಡುನಡುವೆ ದಿಬ್ಬಗಳಿವೆ, ಹಳ್ಳ ದಾಟಿದ ಮೇಲೆ ಹತ್ತಬೇಕಾಗುತ್ತದೆ. ಆದರೂ ಕೊನೆಗೆ ಲೆಕ್ಕ ಹಾಕಿದರೆ ಇಳಿದದ್ದೇ ಹೆಚ್ಚು. ದಾರಿಯ ಕೊನೆಗೆ ತುಂಗಭದ್ರೆಯ ದಂಡೆ, 1224ರ ಸುಮಾರಿಗೆ ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದ ಹರಿಹರೇಶ್ವರನ ಗುಡಿ.

ಇದಕ್ಕೆ ಹೋಲಿಸಿದರೆ ಚಿತ್ರದುರ್ಗದಿಂದ ದಾವಣಗೆರೆಗೆ ಬರುವ ಹೆದ್ದಾರಿ ಹೆಸರಿಗೆ ದೊಡ್ಡ ಇಳಿಜಾರು. ಚಿತ್ರದುರ್ಗ ಸುಮಾರು 730 ಮೀಟರ್ ಎತ್ತರದಲ್ಲಿದೆ. ಭರಮಸಾಗರ, ಆನಗೋಡು ದಾಟಿ ದಾವಣಗೆರೆಗೆ ಬರುವಷ್ಟರಲ್ಲಿ 130 ಮೀಟರ್ ಇಳಿತ. ಆದರೆ ದೂರ ಅರವತ್ತು ಕಿ.ಮೀ. ಆದ್ದರಿಂದ ಕಿ.ಮೀ.ಗೆ ಸಿಗುವುದು ಎರಡೇ ಮೀಟರ್, ಹರಿಹರದ ದಾರಿಯ ಅರ್ಧ. ಶಿವಮೊಗ್ಗದಿಂದ ಹೊನ್ನಾಳಿ ಮೇಲೆ ಹರಿಹರಕ್ಕೆ ಬರುವ ರಸ್ತೆಯಂತೂ ಸುಮಾರು ಎಂಬತ್ತು ಕಿ.ಮೀ.ನಲ್ಲಿ ಇಳಿಯುವುದು ಮೂವತ್ತು ಮೀಟರ್. ಅದನ್ನು ಸಮತಟ್ಟು ಎಂದೇ ಹೇಳಬೇಕು. ಹೊಳೆಯ ಜೊತೆ ಜೊತೆಗೆ ಹೋಗುವ ರಸ್ತೆಗಿಂತ, ಹೊಳೆಯನ್ನು ಸೇರಲು ಅಡ್ಡ ಬರುವ ರಸ್ತೆಯಲ್ಲೇ ಇಳಿಜಾರು ಚೆನ್ನಾಗಿ ಸಿಗುತ್ತದೆ. ದೊಡ್ಡ ಹೊಳೆ ತನ್ನ ಎತ್ತರವನ್ನು ಮೇಲ್ದಂಡೆಯಲ್ಲೇ ಕಳೆದುಕೊಂಡು ಬಂದಿರುತ್ತದೆ. ಅದಕ್ಕೆ ಬಂದು ಸೇರುವ ಹಳ್ಳಕ್ಕೆ ಇನ್ನೂ ಇಳಿಯುವುದು ಬಾಕಿ ಇರುತ್ತದೆ.

ಇಷ್ಟೆಲ್ಲ ಲೆಕ್ಕ ಹಾಕಿಕೊಂಡು ಆಷಾಢದ ಒಂದು ಬೆಳಿಗ್ಗೆ ದಾವಣಗೆರೆಯಿಂದ ಹರಿಹರಕ್ಕೆ ಹೊರಟವರಿಗೆ ಆಗುವುದು ಬರೀ ನಿರಾಸೆ. ಇಳಿಜಾರಿನ ಸುಳಿವೇ ಸಿಗುವುದಿಲ್ಲ, ತೊಡೆ ಉರಿಯುತ್ತದೆ. ತಪ್ಪು ನೆಲದ್ದಲ್ಲ, ಗಾಳಿಯದು. ಮುಂಗಾರಿನ ತಿಂಗಳುಗಳಲ್ಲಿ ಇಲ್ಲಿ ಗಾಳಿ ಬೀಸುವುದು ಪಶ್ಚಿಮ, ನೈಋತ್ಯದಿಂದ. ಹರಿಹರ ಇರುವುದು ದಾವಣಗೆರೆಯ ಪಶ್ಚಿಮ ದಿಕ್ಕಿಗೆ. ಗಾಳಿಯ ತಡೆ ವೇಗದ ವರ್ಗದ ಲೆಕ್ಕದಲ್ಲಿ ಬೆಳೆಯುತ್ತದೆ. ಗಂಟೆಗೆ 20 ಕಿ.ಮೀ. ವೇಗದಲ್ಲಿ ಹೋಗುವವರಿಗೆ 15 ಕಿ.ಮೀ. ವೇಗದ ಎದುರುಗಾಳಿ ಸಿಕ್ಕರೆ, ಮೈಗೆ ತಾಗುವ ಗಾಳಿ 35 ಕಿ.ಮೀ. ವೇಗದ್ದಾಗುತ್ತದೆ, ತಡೆ ಮೂರು ಪಟ್ಟಾಗುತ್ತದೆ. ಅದೇ ಗಾಳಿ ಬೆನ್ನಿಗೆ ಬಂದರೆ ಮೈಗೆ ತಾಗುವುದು ಐದೇ ಕಿ.ಮೀ.; ತಡೆ ಹದಿನಾರನೇ ಒಂದು ಪಾಲಿಗೆ ಇಳಿಯುತ್ತದೆ. ಕಿ.ಮೀ.ಗೆ ನಾಲ್ಕು ಮೀಟರ್ ಇಳಿಜಾರು ಕೊಡುವ ಸಹಾಯ ಇದರ ಮುಂದೆ ಏನೂ ಅಲ್ಲ.

ಅದಕ್ಕೇ ಈ ಭಾಗದಲ್ಲಿ ಇಳಿಜಾರು ಹುಡುಕುವವರು ದಾರಿಯ ಜೊತೆಗೆ ತಿಂಗಳನ್ನೂ ನೋಡಬೇಕು. ದೀಪಾವಳಿ ಕಳೆದು ಸಂಕ್ರಾಂತಿಯ ತನಕ ಗಾಳಿ ಹೆಚ್ಚಾಗಿ ಪೂರ್ವ, ಈಶಾನ್ಯದಿಂದ ಬರುತ್ತದೆ. ಆಗ ದಾವಣಗೆರೆ–ಹರಿಹರ, ಚಿತ್ರದುರ್ಗ–ದಾವಣಗೆರೆ ಎರಡೂ ದಾರಿಗಳಲ್ಲಿ ಇಳಿಜಾರೂ ಗಾಳಿಯೂ ಒಂದೇ ಕಡೆಗೆ ದೂಡುತ್ತವೆ. ಜೂನ್‌ನಿಂದ ಆಗಸ್ಟ್‌ವರೆಗೆ ಇದೇ ದಾರಿಯನ್ನು ತಿರುಗಿಸಿ ಓಡಿಸುವುದು ಜಾಣತನ: ಹರಿಹರದಿಂದ ದಾವಣಗೆರೆಗೆ ಬಂದರೆ ಲೆಕ್ಕದಲ್ಲಿ ಅರವತ್ತು ಮೀಟರ್ ಹತ್ತಿದಂತೆ, ಅನುಭವದಲ್ಲಿ ಇಳಿದಂತೆ. ಚಿತ್ರದುರ್ಗದ ಜೋಗಿಮಟ್ಟಿ ಸಾಲಿನ ಮೇಲೆ ಗಾಳಿಯಂತ್ರಗಳನ್ನು ನಿಲ್ಲಿಸಿರುವುದು ಈ ಮುಂಗಾರು ಗಾಳಿಯ ಬಲ ನೋಡಿಯೇ. ಘಟ್ಟವಿಲ್ಲದ ವಿಜಯಪುರ, ಬಾಗಲಕೋಟೆ ಕಡೆಯಿಂದ ರಾಜ್ಯಕ್ಕೆ ಅಷ್ಟೊಂದು ಸೈಕಲ್ ಪಟುಗಳು ಬಂದಿದ್ದಾರೆ. ಬಯಲಿನ ಎದುರುಗಾಳಿಯಲ್ಲಿ ತುಳಿದು ಬೆಳೆದ ಕಾಲು ಗಟ್ಟಿಯಾಗುವುದರಲ್ಲಿ ಅಚ್ಚರಿಯಿಲ್ಲ.

ನೀರಿನ ಜಾಡು ಹಿಡಿದು ಹೋಗುವವರಿಗೆ ಈ ಜಿಲ್ಲೆಯಲ್ಲಿ ಇದಕ್ಕಿಂತ ಚೆಂದದ ದಾರಿ ಇನ್ನೊಂದಿದೆ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ, ಅಂದರೆ ಶಾಂತಿಸಾಗರ, ಎರಡು ಗುಡ್ಡಗಳ ನಡುವಿನ ಕಿರಿದಾದ ಕಣಿವೆಗೆ ಏರಿ ಹಾಕಿ ನಿಲ್ಲಿಸಿದ ಹಳೆಯ ಕೆರೆ. ನೀರು ಹರಡುವ ಜಾಗ ಆರು ಸಾವಿರ ಎಕರೆಗೂ ಹೆಚ್ಚು. ಕೆರೆಗೆ ಅಡ್ಡಲಾಗಿ ಇರುವ ಏರಿಯೋ ಅಷ್ಟು ದೊಡ್ಡ ನೀರಿಗೆ ಹೋಲಿಸಿದರೆ ತೀರ ಗಿಡ್ಡ. ಯಾವ ಜಾಗದಲ್ಲಿ ನೆಲ ಇಕ್ಕಟ್ಟಾಗಿ ಇಳಿಯುತ್ತದೆ ಎಂಬುದನ್ನು ಹಿಂದಿನವರು ಎಷ್ಟು ಚೆನ್ನಾಗಿ ಓದಿಕೊಂಡಿದ್ದರು ಎನ್ನುವುದು ತಿಳಿಯಲು ಆ ಏರಿಯ ಮೇಲೆ ನಿಂತು ಎರಡೂ ಬದಿ ನೋಡಿದರೆ ಸಾಕು. ಒಂದು ಬದಿ ಕಣ್ಣು ಹಾಯುವಷ್ಟೂ ನೀರು. ಇನ್ನೊಂದು ಬದಿ, ಎಷ್ಟೋ ಕೆಳಗೆ, ಅಡಿಕೆ ತೋಟ, ಗದ್ದೆ. ಸಿದ್ಧನಾಲೆ, ಬಸವನಾಲೆ ಎಂಬ ಎರಡು ಕಾಲುವೆಗಳು ಇಲ್ಲಿಂದಲೇ ಹೊರಡುತ್ತವೆ.

ಈ ಕೆರೆಯಿಂದ ಹೊರಟ ಹಳ್ಳಕ್ಕೆ ಹರಿದ್ರಾ ಎಂಬ ಹೆಸರು. ಅದು ಉತ್ತರಕ್ಕೆ ಹರಿದು ಹರಿಹರದ ಹತ್ತಿರ ತುಂಗಭದ್ರೆಯನ್ನು ಕೂಡುತ್ತದೆ. ಆದ್ದರಿಂದ ಸೂಳೆಕೆರೆಯಿಂದ ಬಸವಾಪಟ್ಟಣ, ಮಲೇಬೆನ್ನೂರು ಮೇಲೆ ಹರಿಹರಕ್ಕೆ ಬರುವವರು ನಕ್ಷೆ ನೋಡದೆಯೇ ಒಂದು ಮಾತನ್ನು ನಂಬಬಹುದು: ಹೊರಟ ಜಾಗಕ್ಕಿಂತ ತಲುಪುವ ಜಾಗ ಕೆಳಗಿದೆ. ದೂರ ನಲವತ್ತು ಕಿ.ಮೀ. ಆಸುಪಾಸು. ರಸ್ತೆ ಹಳ್ಳದ ಪಕ್ಕದಲ್ಲೇ ಹೋಗುವುದಿಲ್ಲ, ಆಗಾಗ ದಿಬ್ಬ ಹತ್ತಿಸಿ ಇಳಿಸುತ್ತದೆ. ಹತ್ತುವಾಗ ತೋಟದ ನೆರಳು ತಪ್ಪಿ ಬಿಸಿಲು ಬೀಳುತ್ತದೆ. ಇಳಿಯುವಾಗ ಮತ್ತೆ ಗದ್ದೆಯ ತಂಪು ಮುಖಕ್ಕೆ ಹೊಡೆಯುತ್ತದೆ. ಎತ್ತರ ಹತ್ತು ಮೀಟರ್ ಇಳಿದರೂ ಗಾಳಿಯ ತಂಪು ಬದಲಾಗುವುದು ಸೈಕಲ್ ಸವಾರರಿಗೆ ಮಾತ್ರ ಗೊತ್ತಾಗುವ ಸಂಗತಿ. ಸಮಯ ಇದ್ದವರು ಮಲೇಬೆನ್ನೂರಿನಿಂದ ತುಸು ಹೊರಳಿ ಕೊಮಾರನಹಳ್ಳಿಗೆ ಹೋಗಿ ಬರಬಹುದು. ಗುಡ್ಡದ ಮಗ್ಗುಲಲ್ಲಿ ಕೆರೆ, ಹೆಳವನಕಟ್ಟೆ ರಂಗನಾಥನ ಗುಡಿ; ಹರಿದಾಸ ಪರಂಪರೆಯ ಹೆಳವನಕಟ್ಟೆ ಗಿರಿಯಮ್ಮ ನಡೆದಾಡಿದ ಊರು.

ಬೆಳಿಗ್ಗೆ ದಾವಣಗೆರೆಯಿಂದ ಸಂತೇಬೆನ್ನೂರು, ಚನ್ನಗಿರಿ ಕಡೆಯ ದಾರಿಯಲ್ಲಿ ಹತ್ತಿ ಹೋಗಿ, ಸಂತೇಬೆನ್ನೂರಿನ ಪುಷ್ಕರಣಿಯ ಮೆಟ್ಟಿಲ ಮೇಲೆ ಕೂತು ದಣಿವಾರಿಸಿಕೊಂಡು, ಮಧ್ಯಾಹ್ನದ ಹೊತ್ತಿಗೆ ಸೂಳೆಕೆರೆಯಿಂದ ಇಳಿಯುವುದು ಗಟ್ಟಿ ಕಾಲಿನವರ ದಿನಚರಿ. ಉಳಿದವರು ಹತ್ತುವ ಪಾಲನ್ನು ಗೂಡ್ಸ್ ಆಟೋದಲ್ಲೋ ಪರಿಚಯದವರ ಪಿಕಪ್ ಗಾಡಿಯಲ್ಲೋ ಮುಗಿಸಿ, ಇಳಿಯುವ ಪಾಲನ್ನು ಮಾತ್ರ ಸೈಕಲಿನಲ್ಲಿ ಮಾಡಿದರೆ ಯಾವ ನಾಚಿಕೆಯೂ ಬೇಕಿಲ್ಲ. ಜಗತ್ತಿನಲ್ಲಿ ಎಷ್ಟೋ ಬೆಟ್ಟಗಳ ಪ್ರವಾಸೋದ್ಯಮ ನಡೆದಿರುವುದೇ ಜನರನ್ನೂ ಸೈಕಲನ್ನೂ ವ್ಯಾನಿನಲ್ಲಿ ಮೇಲಕ್ಕೆ ಕರೆದೊಯ್ದು ಇಳಿಯಲು ಬಿಡುವುದರ ಮೇಲೆ.

ನೀರಿನ ಮಾತು ಬಂದಾಗ ಭದ್ರಾ ನಾಲೆಯನ್ನು ಬಿಡುವಂತಿಲ್ಲ. ಲಕ್ಕವಳ್ಳಿಯ ಭದ್ರಾ ಜಲಾಶಯದಿಂದ ಹೊರಟ ಬಲದಂಡೆ ನಾಲೆಯೇ ದಾವಣಗೆರೆ, ಹರಿಹರದ ಗದ್ದೆಗಳನ್ನು ಹಸಿರಾಗಿ ಇಟ್ಟಿರುವುದು. ಇಲ್ಲಿ ಒಂದು ಎಚ್ಚರ ಬೇಕು. ಹಳ್ಳ ಇಳಿಜಾರನ್ನು ಹುಡುಕಿಕೊಂಡು ಹೋಗುತ್ತದೆ. ನಾಲೆ ಇಳಿಜಾರನ್ನು ತಪ್ಪಿಸಿಕೊಂಡು ಹೋಗುತ್ತದೆ. ಎಂಜಿನಿಯರುಗಳು ನಾಲೆಯನ್ನು ಆದಷ್ಟೂ ಎತ್ತರದಲ್ಲೇ ಉಳಿಸಿಕೊಂಡು, ಒಂದೇ ಮಟ್ಟದ ಗೆರೆಯನ್ನು ಅನುಸರಿಸಿ ಸುತ್ತಿಸಿರುತ್ತಾರೆ, ಹೆಚ್ಚು ನೆಲಕ್ಕೆ ನೀರು ಹತ್ತಲಿ ಎಂದು. ಹಾಗಾಗಿ ನಾಲೆಯ ಏರಿಯ ಮೇಲಿನ ದಾರಿ ಸವಾರಿಗೆ ಹಿತ, ಇಳಿಜಾರಿಗೆ ಸೊನ್ನೆ. ಆದರೆ ನಾಲೆಯನ್ನು ಬಿಟ್ಟು ಗದ್ದೆಯ ಕಡೆ ಇಳಿದ ಯಾವ ರಸ್ತೆಯಾದರೂ ಹಳ್ಳದವರೆಗೆ ಇಳಿಜಾರೇ. ನಾಲೆ ಮೇಲೆ, ಹಳ್ಳ ಕೆಳಗೆ, ನಡುವೆ ಅಚ್ಚುಕಟ್ಟು: ಇದು ಎಲ್ಲೂ ಬದಲಾಗದ ಕ್ರಮ.

ಈ ಇಳಿಜಾರಿನ ಕೊನೆಗೆ ಬದುಕುವವರ ಕಷ್ಟ ಸವಾರನ ಸುಖದ ಎದುರಿಗೇ ಕಾಣುತ್ತದೆ. ಹರಿಹರ, ಮಲೇಬೆನ್ನೂರು ಭಾಗದ ರೈತರು ಭದ್ರಾ ನಾಲೆಯ ಕೊನೆ ಭಾಗದವರು. ಮೇಲಿನವರು ಹರಿಸಿಕೊಂಡು ಉಳಿದ ನೀರು ಅವರಿಗೆ. ನೀರು ಬಿಡಿ ಎಂದು ಅವರು ರಸ್ತೆಗಿಳಿಯುವುದು ಬೇಸಿಗೆ ಬೆಳೆಯ ಹಂಗಾಮಿನಲ್ಲಿ ಮತ್ತೆ ಮತ್ತೆ ನಡೆಯುವ ಸಂಗತಿ. ನಾಲೆಯ ದಾರಿಯಲ್ಲಿ ಹಾದುಹೋಗುವವರು ತೂಬಿನ ಬಳಿ ಸೈಕಲ್ ನಿಲ್ಲಿಸಿ ಒಂದು ಮಾತು ಆಡಿದರೆ ಈ ನೆಲದ ಏರಿಳಿತ ಎಷ್ಟು ಜನರ ಊಟದ ಪ್ರಶ್ನೆ ಎಂಬುದು ತಿಳಿಯುತ್ತದೆ.

ನಕ್ಷೆ, ಮೊಬೈಲು ಬೇಡವೇ ಎಂದರೆ, ಬೇಕು. ಭಾರತೀಯ ಸರ್ವೇಕ್ಷಣ ಇಲಾಖೆಯ ಐವತ್ತು ಸಾವಿರಕ್ಕೊಂದರ ಅಳತೆಯ ನಕ್ಷೆಗಳಲ್ಲಿ ಸಮಾನ ಎತ್ತರದ ಗೆರೆಗಳನ್ನು ಇಪ್ಪತ್ತು ಮೀಟರಿಗೊಂದರಂತೆ ಎಳೆದಿರುತ್ತಾರೆ. 2017ರಿಂದ ಅವು ಸಾರ್ವಜನಿಕರಿಗೆ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತಿವೆ. ಗೆರೆಗಳು ಒತ್ತೊತ್ತಾಗಿದ್ದರೆ ಕಡಿದು, ದೂರ ದೂರ ಇದ್ದರೆ ಸಮತಟ್ಟು. ಗೂಗಲ್ ಅರ್ಥ್‌ನಲ್ಲಿ ದಾರಿಯ ಗೆರೆ ಎಳೆದರೆ ಏರಿಳಿತದ ಚಿತ್ರವನ್ನೇ ಬರೆದು ತೋರಿಸುತ್ತದೆ. ಈ ಬಗೆಯ ಎತ್ತರದ ಲೆಕ್ಕಕ್ಕೆ ಹೆಚ್ಚಿನ ಕಡೆ ಆಧಾರ, 2000ನೇ ಇಸವಿಯ ಫೆಬ್ರವರಿಯಲ್ಲಿ ಅಮೆರಿಕದ ಎಂಡೆವರ್ ನೌಕೆ ಹನ್ನೊಂದು ದಿನ ಭೂಮಿಯನ್ನು ಸುತ್ತಿ ರೇಡಾರಿನಿಂದ ಅಳೆದು ತಂದ ಮಾಹಿತಿ. ಆದರೆ ಆ ಅಳತೆಯಲ್ಲಿ ಕೆಲವು ಮೀಟರುಗಳ ಹೆಚ್ಚುಕಡಿಮೆ ಇದ್ದೇ ಇರುತ್ತದೆ. ಮರದ ತುದಿ, ಕಟ್ಟಡದ ಮಾಡನ್ನೂ ಅದು ನೆಲವೆಂದೇ ಎಣಿಸುತ್ತದೆ. ಐನೂರು ಮೀಟರ್ ಇಳಿಯುವ ಆಗುಂಬೆಯಲ್ಲಿ ಈ ತಪ್ಪು ಲೆಕ್ಕಕ್ಕೇ ಬರುವುದಿಲ್ಲ. ಹದಿನಾಲ್ಕು ಕಿ.ಮೀ.ಗೆ ಅರವತ್ತು ಮೀಟರ್ ಇಳಿಯುವ ಕಡೆ ಅದು ಇಲ್ಲದ ದಿಬ್ಬವನ್ನು ಎಬ್ಬಿಸುತ್ತದೆ, ಇರುವ ಇಳಿಜಾರನ್ನು ನುಂಗುತ್ತದೆ. ಬಯಲುಸೀಮೆಯಲ್ಲಿ ಆಕಾಶದ ಅಳತೆಗಿಂತ ಹಳ್ಳವನ್ನು ನಂಬಬೇಕು ಎನ್ನುವುದು ಇದಕ್ಕೇ.

ಇನ್ನೂ ಒಂದು ಸಾಧನವಿದೆ, ಯಾರೂ ಅದನ್ನು ಆ ದೃಷ್ಟಿಯಿಂದ ನೋಡುವುದಿಲ್ಲ. ರೈಲು ನಿಲ್ದಾಣದ ಎರಡೂ ತುದಿಯಲ್ಲಿ ನಿಂತಿರುವ ಹಳದಿ ಹಲಗೆಯಲ್ಲಿ, ಊರ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಆ ಜಾಗದ ಎತ್ತರ ಬರೆದಿರುತ್ತದೆ. ಇದು ಆಕಾಶದಿಂದ ಅಂದಾಜಿಸಿದ್ದಲ್ಲ, ಹಳಿ ಹಾಕುವಾಗ ನೆಲದ ಮೇಲೆ ನಿಂತು ಅಳೆದದ್ದು. ಚಿಕ್ಕಜಾಜೂರು, ಮಾಯಕೊಂಡ, ದಾವಣಗೆರೆ, ಹರಿಹರ, ರಾಣೆಬೆನ್ನೂರು ಎಂದು ಸಾಲಾಗಿ ಬರೆದುಕೊಂಡರೆ ಸುಮಾರು ಎಂಬತ್ತು ಕಿ.ಮೀ. ನೆಲದ ಏರಿಳಿತ ಒಂದೇ ಪ್ರಯಾಣದಲ್ಲಿ ಕಿಟಕಿಯ ಪಕ್ಕ ಕೂತವರ ಕೈಗೆ ಸಿಗುತ್ತದೆ.

ಇಳಿಜಾರನ್ನು ನೀರು ಮಾಡಿದ್ದು ಎಂಬುದನ್ನು ನೆನಪಿಟ್ಟುಕೊಂಡರೆ ಅಪಾಯ ಎಲ್ಲಿದೆ ಎಂಬುದೂ ತಾನಾಗಿ ತಿಳಿಯುತ್ತದೆ. ಬಯಲಿನ ಇಳಿಜಾರಿನ ಬುಡದಲ್ಲಿ ಸಾಮಾನ್ಯವಾಗಿ ಒಂದು ಹಳ್ಳ. ಹಳ್ಳಕ್ಕೆ ಕಿರಿದಾದ ಸೇತುವೆ. ಮಳೆ ಬಂದಾಗ ಎರಡೂ ಬದಿಯಿಂದ ಕೊಚ್ಚಿ ಬಂದ ಮರಳು, ಜಲ್ಲಿ ಸೇತುವೆಯ ಬಾಯಲ್ಲೇ ಕೂತಿರುತ್ತದೆ. ಸೈಕಲಿಗೆ ವೇಗ ಹೆಚ್ಚು ಸಿಗುವುದು ಅಲ್ಲೇ, ಚಕ್ರ ಜಾರುವುದೂ ಅಲ್ಲೇ. ನೀರಿದ್ದ ಕಡೆ ಊರು, ಊರಿದ್ದ ಕಡೆ ಶಾಲೆ, ಶಾಲೆಯ ಮುಂದೆ ಬಿಳಿ ಬಣ್ಣ ಮಾಸಿಹೋದ ಹಂಪು. ಗಂಟೆಗೆ 36 ಕಿ.ಮೀ. ವೇಗದಲ್ಲಿರುವ ಸೈಕಲ್ ಒಂದು ಸೆಕೆಂಡಿಗೆ ಹತ್ತು ಮೀಟರ್ ಹೋಗುತ್ತದೆ. ಹಂಪು ಕಂಡು ಬೆರಳು ಬ್ರೇಕ್ ಹಿಡಿಯುವಷ್ಟರಲ್ಲೇ ಆ ಹತ್ತು ಮೀಟರ್ ಮುಗಿದಿರುತ್ತದೆ.

ಸುಗ್ಗಿಯ ದಿನಗಳಲ್ಲಿ ಇನ್ನೊಂದು. ದಾವಣಗೆರೆಯ ಸುತ್ತ ಮೆಕ್ಕೆಜೋಳದ ಕೊಯ್ಲು ಮುಗಿದ ಮೇಲೆ ಡಾಂಬರು ರಸ್ತೆಯ ಅರ್ಧಕ್ಕೆ ಕಾಳು ಹರಡಿ ಒಣಗಿಸುತ್ತಾರೆ. ವಾಹನ ಹತ್ತದಿರಲಿ ಎಂದು ಅಂಚಿಗೆ ಸಾಲಾಗಿ ಕಲ್ಲು ಜೋಡಿಸಿರುತ್ತಾರೆ. ಸಂಜೆ ಕಾಳು ಬಾಚಿಕೊಂಡು ಹೋದ ಮೇಲೂ ಕೆಲವು ಕಲ್ಲು ಅಲ್ಲೇ ಉಳಿದಿರುತ್ತವೆ, ನಾಲ್ಕಾರು ಕಾಳು ಡಾಂಬರಿಗೆ ಅಂಟಿಕೊಂಡಿರುತ್ತವೆ. ಗುಂಡಗೆ, ನುಣುಪಾಗಿ ಇರುವ ಒಣ ಜೋಳದ ಮೇಲೆ ಸಪೂರ ಟೈರು ಹಿಡಿತ ಪೂರ್ತಿ ಬಿಟ್ಟುಬಿಡುತ್ತದೆ. ರಸ್ತೆಯ ಮೇಲೆ ಒಣಗಿಸುವುದು ತಪ್ಪು ಎಂದು ಹೇಳುವುದು ಸುಲಭ. ಒಣಗದ ಜೋಳಕ್ಕೆ ಬೆಲೆ ಇಲ್ಲ, ಎಲ್ಲರ ಮನೆ ಮುಂದೆಯೂ ಕಣ ಇಲ್ಲ. ಆದ್ದರಿಂದ ನವೆಂಬರ್, ಡಿಸೆಂಬರ್‌ನ ಇಳಿಜಾರನ್ನು ಬೆಳಕಿದ್ದಾಗಲೇ ಮುಗಿಸುವುದು, ಕಾಳು ಕಂಡಲ್ಲಿ ಇಳಿದು ನಡೆಯುವುದು ಸವಾರರ ಪಾಲಿನ ಕರ್ತವ್ಯ. ಹೆದ್ದಾರಿಯ ವಿಷಯದಲ್ಲಿ ಹೇಳುವುದು ಕಡಿಮೆ: ಸರ್ವಿಸ್ ರಸ್ತೆ ಇರುವಷ್ಟು ದೂರ ಅದರಲ್ಲೇ, ಇಲ್ಲದ ಕಡೆ ಹಳ್ಳಿಗಳ ಒಳದಾರಿ.

ಇದೆಲ್ಲ ಆದ ಮೇಲೂ ಕಡಿದಾದ ಇಳಿಜಾರೇ ಬೇಕು ಎನ್ನುವವರಿಗೆ ದಾವಣಗೆರೆಯಿಂದ ಗಿರಿಗಳು ದೂರವಲ್ಲ. ಬೀರೂರಿಗೆ ನೇರ ರೈಲಿದೆ. ಸೈಕಲನ್ನು ಪಾರ್ಸೆಲ್ ಕಚೇರಿಯಲ್ಲಿ ಲಗೇಜು ಎಂದು ಬುಕ್ ಮಾಡಿದರೆ ಅದೇ ರೈಲಿನ ಬ್ರೇಕ್ ವ್ಯಾನಿನಲ್ಲಿ ಬರುತ್ತದೆ. ಹೊರಡುವ ಸಮಯಕ್ಕೆ ಸಾಕಷ್ಟು ಮುಂಚೆ ಹೋಗಬೇಕು. ಬೀರೂರಿನಿಂದ ಲಿಂಗದಹಳ್ಳಿ, ಕಲ್ಲತ್ತಿಗಿರಿ ಮೇಲೆ ಹತ್ತಿದರೆ 1,434 ಮೀಟರ್ ಎತ್ತರದ ಕೆಮ್ಮಣ್ಣುಗುಂಡಿ. ನಾಲ್ವಡಿ ಕೃಷ್ಣರಾಜ ಒಡೆಯರ ಬೇಸಿಗೆಯ ತಂಗುದಾಣವಾಗಿದ್ದ, ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಕಳಿಸಿದ ಗಿರಿ ಅದು. ಅಲ್ಲಿಂದ ಲಿಂಗದಹಳ್ಳಿಯ ತನಕ ಕಾಡಿನ ನಡುವೆ ಒಂದೇ ಸಮನೆ ಇಳಿತ. ಇನ್ನೂ ಹತ್ತಿರದಲ್ಲಿ ಬೇಕೆಂದರೆ ಚಿತ್ರದುರ್ಗದ ಬೆನ್ನಿಗೇ ಜೋಗಿಮಟ್ಟಿ, ಸಾವಿರ ಮೀಟರಿಗೂ ಎತ್ತರ. ಅದು ವನ್ಯಧಾಮ, ಅರಣ್ಯ ಇಲಾಖೆಯವರನ್ನು ಕೇಳಿ, ಬಿಡುವ ವೇಳೆ ನೋಡಿಕೊಂಡೇ ಹೋಗಬೇಕು.

ಘಟ್ಟಕ್ಕೆ ಹೋಗುವವರು ಬ್ರೇಕಿನ ಲೆಕ್ಕವನ್ನು ತಿಳಿದುಕೊಳ್ಳಲೇಬೇಕು. ಸವಾರ, ಸೈಕಲ್ ಸೇರಿ 80 ಕೆ.ಜಿ. ಇದ್ದು ಐನೂರು ಮೀಟರ್ ಇಳಿದರೆ ಬಿಡುಗಡೆಯಾಗುವ ಶಕ್ತಿ ಒಂದು ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಸಲು ಸಾಕು. ಜೋರಾಗಿ ಹೋದರೆ ಅದರಲ್ಲಿ ದೊಡ್ಡ ಪಾಲನ್ನು ಗಾಳಿ ತಿನ್ನುತ್ತದೆ. ಹೆದರಿ ಉದ್ದಕ್ಕೂ ಬ್ರೇಕ್ ಹಿಡಿದುಕೊಂಡೇ ಇಳಿದರೆ ಆ ಶಾಖವೆಲ್ಲ ರಿಮ್ಮಿಗೆ ಹೋಗಿ ಟ್ಯೂಬ್ ಸಿಡಿಯಬಹುದು. ಅದಕ್ಕೇ ಅನುಭವಿಗಳು ತಿರುವಿಗೆ ಮುಂಚೆ ಗಟ್ಟಿಯಾಗಿ ಹಿಡಿದು, ತಿರುವಿನಲ್ಲಿ ಬಿಟ್ಟು, ರಿಮ್ ಆರಲು ಸಮಯ ಕೊಡುತ್ತಾರೆ. ನಮ್ಮ ಸೈಕಲುಗಳಲ್ಲಿ ಸಾಮಾನ್ಯವಾಗಿ ಬಲಗೈಯದು ಮುಂದಿನ ಚಕ್ರದ ಬ್ರೇಕ್. ನಿಲ್ಲಿಸುವ ಬಲದಲ್ಲಿ ಹೆಚ್ಚು ಪಾಲು ಅದರದ್ದೇ, ಆದರೆ ಮರಳಿನ ಮೇಲೆ ಅದನ್ನು ಒಮ್ಮೆಗೇ ಒತ್ತಿದರೆ ಬೀಳುವುದು ಖಂಡಿತ. ಕಡ್ಡಿ ಬ್ರೇಕಿನ, ಸ್ಟೀಲ್ ರಿಮ್ಮಿನ ಹಳೆಯ ಸೈಕಲಿನಲ್ಲಿ ಮಳೆಗಾಲದ ಘಟ್ಟ ಬೇಡವೇ ಬೇಡ. ಒದ್ದೆ ಸ್ಟೀಲಿನ ಮೇಲೆ ರಬ್ಬರು ಹಿಡಿಯುವುದೇ ಇಲ್ಲ ಎಂದರೂ ಸರಿ.

ಆದರೆ ಈ ಜಿಲ್ಲೆಯ ಇಳಿಜಾರಿನ ದೊಡ್ಡ ಬಳಕೆದಾರರು ರಜೆಯ ಸವಾರರಲ್ಲ. 2006–07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರು ಮಾಡಿದ ಮೇಲೆ, ಹಳ್ಳಿಯಿಂದ ಹೋಬಳಿಯ ಹೈಸ್ಕೂಲಿಗೆ ಗೇರಿಲ್ಲದ ಆ ಸೈಕಲ್ ತುಳಿದ ಮಕ್ಕಳಿಗೆ ತಮ್ಮ ದಾರಿಯ ಒಂದೊಂದು ಏರೂ ಇಳಿಜಾರೂ ಬಾಯಿಪಾಠ. ಹೋಗುವಾಗ ಎಲ್ಲಿ ಪೆಡಲ್ ನಿಲ್ಲಿಸಬಹುದು, ಬರುವಾಗ ಎಲ್ಲಿ ಇಳಿದು ತಳ್ಳಬೇಕು ಎಂಬುದನ್ನು ಅವರಿಗೆ ಯಾವ ನಕ್ಷೆಯೂ ಹೇಳಿಕೊಡಬೇಕಾಗಿಲ್ಲ. ಕಾರ್ಖಾನೆಯ ಪಾಳಿಗೆ, ಮಾರುಕಟ್ಟೆಗೆ, ಗಾರೆ ಕೆಲಸಕ್ಕೆ ಸೈಕಲಿನಲ್ಲೇ ಹೋಗುವವರು ಎರಡೂ ಊರುಗಳಲ್ಲಿ ಈಗಲೂ ಇದ್ದಾರೆ.

ದೂರದ ಲಾರಿ, ಬಸ್ಸುಗಳಿಗೆ ಹೊಸ ಹೆದ್ದಾರಿ ಸಿಕ್ಕಿರುವಾಗ, ದಾವಣಗೆರೆ–ಹರಿಹರದ ನಡುವಿನ ಹಳೆಯ ಪಿ.ಬಿ. ರಸ್ತೆಯ ಎರಡೂ ಅಂಚಿನಲ್ಲಿ ಒಂದೂವರೆ ಮೀಟರ್ ಅಗಲ ಸೈಕಲಿಗೆಂದು ಬಿಡುವುದು ಕಷ್ಟದ ಕೆಲಸವಲ್ಲ. ಗುಂಡಿ ಮುಚ್ಚಿದ, ಮರಳು ಗುಡಿಸಿದ, ಹಂಪುಗಳಿಗೆ ವರ್ಷಕ್ಕೊಮ್ಮೆ ಬಣ್ಣ ಬಳಿದ ಒಂದು ಪಟ್ಟಿ. ಅಷ್ಟಾದರೆ ರಾಜ್ಯದಲ್ಲಿ ಮಕ್ಕಳು, ವಯಸ್ಸಾದವರು ಸಹ ಧೈರ್ಯವಾಗಿ ಇಳಿಯಬಹುದಾದ 14 ಕಿ.ಮೀ. ದಾರಿ ಒಂದು ಇಲ್ಲೇ ಸಿದ್ಧವಾಗುತ್ತದೆ. ಎರಡು ನಗರಗಳ ಆಡಳಿತ ಕೂತು ಮಾತಾಡಬೇಕಾದ ಸಂಗತಿ ಇದು. ಡಿಸೆಂಬರಿನ ಗಾಳಿ ಬೆನ್ನಿಗೆ ಬರುವ ಹೊತ್ತಿಗೆ ಶುರು ಮಾಡಿದರೆ ಮುಂಗಾರಿಗೆ ಮುಂಚೆ ಕೆಲಸ ಮುಗಿಸಬಹುದು.